ಇನ್ಫೋಗ್ರಾಫಿಕ್ (ಮಾಹಿತಿಯನ್ನು ಒಂದು ನೋಟಕ್ಕೆ ತಿಳಿಸುವ ಚಿತ್ರ) ರಚಿಸುವ ಅಭ್ಯಾಸದಿಂದ ಅಂಕಿ-ಅಂಶಗಳನ್ನು ಜೋಡಿಸಿ ತೋರಿಸುವುದನ್ನು ಕಲಿಯಬಹುದೇ?

ಖಂಡಿತ ಕಲಿಯಬಹುದು. ಆದರೆ ಚಿತ್ರಕ್ಕೆ ಕೈಹಾಕುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರಿಸಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು, ಅದಕ್ಕೆ ಬೇಕಾದ ಅಂಕಿಗಳನ್ನಷ್ಟೇ ಕೋಷ್ಟಕದಲ್ಲಿ ಉಳಿಸಿಕೊಳ್ಳಬೇಕು.

ನಮ್ಮ ಭಾಗದ್ದೇ ಉದಾಹರಣೆ ನೋಡಿ. 2011ರ ಜನಗಣತಿಯ ಪ್ರಕಾರ ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು 24.5 ಲಕ್ಷ, ರಾಯಚೂರಿನಲ್ಲಿ 19.3 ಲಕ್ಷ, ಕೊಪ್ಪಳದಲ್ಲಿ 13.9 ಲಕ್ಷ ಜನರಿದ್ದರು. ಇದನ್ನು ಮನುಷ್ಯಾಕೃತಿಗಳಲ್ಲಿ ತೋರಿಸಲು ಹೊರಟವರು ಬಳ್ಳಾರಿಯ ಆಕೃತಿಯನ್ನು ಕೊಪ್ಪಳದ್ದಕ್ಕಿಂತ ಸುಮಾರು 1.8 ಪಟ್ಟು ಎತ್ತರ ಮಾಡುತ್ತಾರೆ. ಎತ್ತರದ ಜೊತೆಗೆ ಅಗಲವೂ ಅಷ್ಟೇ ಹಿಗ್ಗುವುದರಿಂದ ವಿಸ್ತೀರ್ಣ ಮೂರು ಪಟ್ಟು ದಾಟಿ, ಲೆಕ್ಕ ಸರಿಯಿದ್ದರೂ ಚಿತ್ರ ಸುಳ್ಳು ಹೇಳುತ್ತದೆ. ಒಂದೇ ತಳರೇಖೆಯಿಂದ ಎದ್ದ ಉದ್ದಗಳನ್ನು ನಮ್ಮ ಕಣ್ಣು ಸಾಕಷ್ಟು ನಿಖರವಾಗಿ ಹೋಲಿಸುತ್ತದೆ, ವಿಸ್ತೀರ್ಣಗಳನ್ನು ಹಾಗೆ ಹೋಲಿಸಲಾರದು ಎಂಬುದನ್ನು ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು.

ಆದ್ದರಿಂದ ಇದೇ ಮೂರು ಅಂಕಿಗಳನ್ನು ಸೊನ್ನೆಯಿಂದ ಆರಂಭವಾಗುವ ಕಂಬಗಳಲ್ಲಿ, ವೃತ್ತಗಳಲ್ಲಿ, ಲಕ್ಷಕ್ಕೊಂದರಂತೆ ಸಾಲಾಗಿ ಜೋಡಿಸಿದ ಒಂದೇ ಅಳತೆಯ ಆಕೃತಿಗಳಲ್ಲಿ, ಹೀಗೆ ಮೂರು ಬೇರೆ ಬೇರೆ ಚಿತ್ರಗಳಾಗಿ ಬಿಡಿಸಿ. ಅಂಕಿಗಳನ್ನು ಮುಚ್ಚಿ, ಪ್ರತಿ ಚಿತ್ರದಲ್ಲೂ ಬಳ್ಳಾರಿ ಕೊಪ್ಪಳದ ಎಷ್ಟು ಪಟ್ಟು ಕಾಣುತ್ತದೆಂದು ಮನೆಯವರನ್ನು ಕೇಳಿ; ಉತ್ತರ 1.8ಕ್ಕೆ ಹತ್ತಿರ ಬಂದ ಚಿತ್ರವೇ ನಿಜ ಹೇಳುವ ಚಿತ್ರ. ಗ್ರಾಫ್ ಹಾಳೆ ಸಾಕು; ಸಾಫ್ಟ್‌ವೇರ್‌ನ ಸಿದ್ಧ ಮಾದರಿಗಳು ಆರಂಭದಲ್ಲಿ ಬಣ್ಣದ ಕಡೆಗೇ ಗಮನ ಸೆಳೆಯುತ್ತವೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು: 2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದುದರಿಂದ, ಮೇಲಿನ 24.5 ಲಕ್ಷ ಅವಿಭಜಿತ ಬಳ್ಳಾರಿಯದೆಂದು ಚಿತ್ರದ ಕೆಳಗೆ ನಮೂದಿಸಲೇಬೇಕು.