17ರ ಹುಡುಗ ಬರೆದ ಸಿಂಫನಿ

ಪ್ರಶ್ನೆ: ಫ್ರಾನ್ಸಿನ ಸಂಗೀತ ರಚನಕಾರ ಬಿಜೇ ಎಂದರೆ ‘ಕಾರ್ಮೆನ್’ ಆಪೆರಾ (ಹಾಡಿನಲ್ಲೇ ಸಾಗುವ ನಾಟಕ) ಅಂತಷ್ಟೇ ನನಗೆ ಗೊತ್ತಿತ್ತು. ಅವರದ್ದೊಂದು ಸಿಂಫನಿಯೂ (ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ) ಇದೆ, ಆದರೆ ಅದು ಗುನೋ ಎಂಬ ಇನ್ನೊಬ್ಬ ರಚನಕಾರರ ಸಿಂಫನಿಯ ನಕಲು ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ? ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವನು. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೋಲಿಕೆ ಇರುವುದು ನಿಜ. ನಕಲು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

1855ರಲ್ಲಿ ಗುನೋ ಅವರ ಮೊದಲ ಸಿಂಫನಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿತ್ತು. ಅದನ್ನು ಪಿಯಾನೊದಲ್ಲಿ ನುಡಿಸುವ ಹಾಗೆ ಬರೆದುಕೊಡುವ ಕೆಲಸ ಮಾಡಿದ್ದು ಬಿಜೇ. ಅದರ ಒಂದೊಂದು ಸ್ವರವೂ ಅವರ ಕೈಯಲ್ಲಿ ಹಾದುಹೋಗಿತ್ತು. ಅದೇ ವರ್ಷದ ಕೊನೆಗೆ, 17 ತುಂಬಿದ ಬೆನ್ನಲ್ಲೇ, ತಮ್ಮ ಸಿ ಮೇಜರ್ ಸಿಂಫನಿ ಬರೆದರು. ಆಗಿನ್ನೂ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ವಿದ್ಯಾರ್ಥಿ. ಗುರುವಿನ ಪಾಠಾಂತರ ಬಾಯಲ್ಲಿ ಕೂತಿರುವ ಶಿಷ್ಯ ಹಾಡಿದರೆ ಗುರುವಿನ ಛಾಯೆ ಬರುತ್ತದೆ, ಅಲ್ವಾ? ಇದೂ ಹಾಗೇ.

ನೀವು ಎರಡನೇ ಭಾಗದಿಂದ ಶುರು ಮಾಡಿ. ತಂತಿವಾದ್ಯಗಳನ್ನು ಬೆರಳಿನಿಂದ ಮೆಲ್ಲಗೆ ಮೀಟುತ್ತಿರುತ್ತಾರೆ. ಅದರ ಮೇಲೆ ಓಬೊ ಒಂಟಿಯಾಗಿ ಹಾಡತೊಡಗುತ್ತದೆ. ನಮ್ಮ ನಾಗಸ್ವರದ ಹಾಗೆ ಇದೂ ಜೋಡಿ ರೀಡಿನ ವಾದ್ಯ. ಆ ರಾಗ ಬಳ್ಳಿಯ ಹಾಗೆ ಬಳುಕುತ್ತಾ ಹೋಗುತ್ತದೆ, ಮಾತಿಲ್ಲದ ಹಾಡು ಅನ್ನಿಸುತ್ತದೆ. ಮಧ್ಯೆ ಒಂದು ಫ್ಯೂಗ್ ಬರುತ್ತದೆ, ಅಂದರೆ ಒಂದು ವಾದ್ಯ ಶುರು ಮಾಡಿದ್ದನ್ನು ಇನ್ನೊಂದು ಬೆನ್ನಟ್ಟಿ ಹಿಡಿಯುವ ಕ್ರಮ. ಅದನ್ನು ಅಲ್ಲಿಡುವ ಉಪಾಯ ಗುನೋ ಅವರದೇ. ಆದರೆ ಆ ಓಬೊ ರಾಗ ಬಿಜೇಯ ಸ್ವಂತದ್ದು. ಮುಂದೆ ‘ಕಾರ್ಮೆನ್’ ಬರೆಯುವ ಕೈ ಇದೇ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಸಂಕಟದ ಸಂಗತಿ ಏನೆಂದರೆ, ಈ ಸಿಂಫನಿಯನ್ನು ಆರ್ಕೆಸ್ಟ್ರಾ ನುಡಿಸಿದ್ದನ್ನು ಬಿಜೇ ಕೇಳಲೇ ಇಲ್ಲ. ಆಗ ಪ್ಯಾರಿಸ್‌ನಲ್ಲಿ ಸಂಗೀತಗಾರನಿಗೆ ಹೆಸರು, ದುಡ್ಡು ಎರಡೂ ಜಾಸ್ತಿ ಸಿಗುತ್ತಿದ್ದದ್ದು ಆಪೆರಾದಿಂದ. ಬಿಜೇ 1875ರಲ್ಲಿ, ‘ಕಾರ್ಮೆನ್’ ರಂಗಕ್ಕೆ ಬಂದ ಮೂರೇ ತಿಂಗಳಿಗೆ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಂಫನಿಯ ಹಸ್ತಪ್ರತಿ ಕನ್ಸರ್ವೇಟರಿಯ ಗ್ರಂಥಾಲಯದಲ್ಲಿ ಸಿಕ್ಕಿದ್ದು 1933ರಲ್ಲಿ. 1935ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ವೈನ್‌ಗಾರ್ಟ್ನರ್ ಅದನ್ನು ಮೊದಲ ಸಲ ನುಡಿಸಿದರು. ಬರೆದು 80 ವರ್ಷ ಆಗಿತ್ತು!

ಇಡೀ ಕೃತಿ ಸುಮಾರು ಅರ್ಧ ಗಂಟೆಯದ್ದು. ಎರಡನೆಯದು ಹಿಡಿಸಿದರೆ ಸುಮ್ನೆ ಮೂರನೆಯದಕ್ಕೂ ಹೋಗಿ. ಅದರ ನಡುವೆ ಕೆಳಸ್ವರದ ತಂತಿವಾದ್ಯಗಳು ಶ್ರುತಿ ಹಿಡಿದು ನಿಂತುಬಿಡುತ್ತವೆ. ತಂಬೂರಿ ಕೇಳಿದ ಕಿವಿಗೆ ಆ ಜಾಗ ತಕ್ಷಣ ಗೊತ್ತಾಗುತ್ತದೆ.