ಹುಳು ಬರುವುದು ತಡವಾಯಿತು

ನಮಸ್ಕಾರ,

ಸಿ. ಎಲೆಗನ್ಸ್ ಹುಳುವಿನ ಬಗ್ಗೆ ನೀವು ಕಳಿಸಿದ ಲೇಖನ ‘ಸೂಕ್ಷ್ಮ ಜಗತ್ತಿನ ವಿಸ್ಮಯ’ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೆ ಒಳ್ಳೆ ಸರಕಿದೆ.

ಮೊದಲ ಮೂರು ಪ್ಯಾರಾ ಬರೀ ಸೃಷ್ಟಿಯ ಅದ್ಭುತ. ಅಷ್ಟೂ ತೆಗೆಯಿರಿ. ಮೆಟ್ರೋದಲ್ಲಿ ಮೊಬೈಲ್ ಹಿಡಿದು ಓದುವವರು ಹುಳು ಬರುವ ಮೊದಲೇ ಮೆಜೆಸ್ಟಿಕ್‌ನಲ್ಲಿ ಇಳಿದು ಹೋಗಿರುತ್ತಾರೆ. ಸಿ. ಎಲೆಗನ್ಸ್ ಎಂಬ ದುಂಡುಹುಳು, ಪೂರ್ತಿ ಬೆಳೆದರೂ ಒಂದು ಮಿಲಿಮೀಟರ್, ಮೈಯೆಲ್ಲ ಪಾರದರ್ಶಕ. 20 ಡಿಗ್ರಿಯಲ್ಲಿ ಮೊಟ್ಟೆಯಿಂದ ದೊಡ್ಡ ಹುಳುವಾಗಲು ಸುಮಾರು ಮೂರು ದಿನ. ನಡುವೆ ನಾಲ್ಕು ಮರಿ ಹಂತ, ಒಂದೊಂದು ಮುಗಿದಾಗಲೂ ಪೊರೆ ಕಳಚುತ್ತದೆ. ಪರಿಚಯಕ್ಕೆ ಇಷ್ಟು ಸಾಕು.

ಲೇಖನದ ಜೀವ ಇರುವುದು ಏಳನೇ ಪ್ಯಾರಾದಲ್ಲಿ. ಅಲ್ಲಿ ಲಿನ್-4 ಜೀನ್ ಕೆಟ್ಟ ಮರಿಯನ್ನು ‘ಬೆಳವಣಿಗೆಯ ದೋಷ ಉಂಟಾಗುತ್ತದೆ’ ಎಂದು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಎಂಥ ದೋಷ? ಓದುಗರು ಕೇಳುವುದೇ ಅದನ್ನು ಅಲ್ವಾ? ಆ ಹುಳುವಿನ ಮೈ ಬೆಳೆಯುತ್ತದೆ, ಆದರೆ ಒಂದನೇ ಕ್ಲಾಸಲ್ಲೇ ಕೂತ ಹುಡುಗನ ಹಾಗೆ ಕೋಶಗಳು ಮೊದಲ ಹಂತದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತವೆ. ಪೊರೆ ಕಳಚುವುದೂ ಜಾಸ್ತಿ. ಮೊಟ್ಟೆ ಇಡುವ ದಾರಿಯೇ ಮೂಡುವುದಿಲ್ಲ. ಮೊಟ್ಟೆಗಳು ಒಳಗೇ ಒಡೆದು, ಮರಿಗಳು ತಾಯಿಯ ಹೊಟ್ಟೆಯಲ್ಲೇ ಹರಿದಾಡುತ್ತವೆ. ಲಿನ್-14 ಎಂಬ ಇನ್ನೊಂದು ಜೀನ್ ಕೆಲಸ ನಿಲ್ಲಿಸಿದರೆ ಉಲ್ಟಾ: ಕೋಶಗಳು ಮೊದಲ ಹಂತ ಬಿಟ್ಟು ಸೀದಾ ಎರಡನೆಯದಕ್ಕೆ ಕೈ ಹಾಕುತ್ತವೆ. ಎರಡನ್ನೂ ಪಕ್ಕಪಕ್ಕ ಇಡಿ. ಕೆಟ್ಟಿರುವುದು ವೇಳಾಪಟ್ಟಿ ಎಂದು ಓದುಗರಿಗೇ ಹೊಳೆಯುತ್ತದೆ.

ಆಮೇಲೆ 1993ಕ್ಕೆ ಬನ್ನಿ. ಲಿನ್-4 ಪ್ರೊಟೀನ್ ಮಾಡುವುದೇ ಇಲ್ಲ, ಬರೀ 22 ಅಕ್ಷರದ ಪುಟ್ಟ ಆರ್‌ಎನ್‌ಎ ಮಾಡುತ್ತದೆ ಎಂದು ವಿಜ್ಞಾನಿ ವಿಕ್ಟರ್ ಆಂಬ್ರೋಸ್ ತಂಡ ತೋರಿಸಿತು. ಅದು ಪ್ರೊಟೀನ್ ಮಾಡಲು ಲಿನ್-14 ಕಳಿಸುವ ಆರ್‌ಎನ್‌ಎ ಸಂದೇಶಕ್ಕೆ ಅಂಟಿಕೊಂಡು ಅದರ ಪ್ರೊಟೀನನ್ನು ತಗ್ಗಿಸುತ್ತದೆ. ಹಂತ ಮುಂದಕ್ಕೆ ಹೋಗುವುದು ಹಾಗೆ. ಇದಕ್ಕೆ ಆಂಬ್ರೋಸ್, ಲಿನ್-14 ಮೇಲೆ ಕೆಲಸ ಮಾಡಿದ ಗ್ಯಾರಿ ರವ್ಕನ್ ಇಬ್ಬರಿಗೂ ನೊಬೆಲ್ ಬಂದದ್ದು 2024ರಲ್ಲಿ. ನೀವು ಬರೆದ 2002ರದ್ದು ಬ್ರೆನರ್, ಹಾರ್ವಿಟ್ಜ್, ಸಲ್ಸ್ಟನ್ ಅವರದು, ಅಂಗಗಳ ಬೆಳವಣಿಗೆ ಮತ್ತು ಕೋಶಗಳ ಸಾವಿನ ಕೆಲಸಕ್ಕೆ.

ಇನ್ನೊಂದು ತಪ್ಪು. ‘ಡಾವರ್’ ಮರಿಯನ್ನು ದೋಷದ ಪಟ್ಟಿಗೆ ಸೇರಿಸಿದ್ದೀರಿ. ಊಟ ಸಿಗದಿದ್ದಾಗ, ಗುಂಪು ಜಾಸ್ತಿಯಾದಾಗ ಮರಿ ತಾನಾಗೇ ಹಿಡಿಯುವ ದಾರಿ ಅದು. ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ಊಟ ಸಿಕ್ಕರೆ ಮತ್ತೆ ಬೆಳೆಯುತ್ತದೆ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಪ್ರಕ್ರಿಯೆಗೆ ಒಳಪಡುತ್ತದೆ’ ಎಂಬುದನ್ನೆಲ್ಲ ಹುಡುಕಿ ಹೊಡೆದುಹಾಕಿ.

ನೀವು ಈ ಹುಳುವನ್ನು ಕಣ್ಣಾರೆ ನೋಡಿದಂತೆ ಕಾಣಲಿಲ್ಲ. ಬೆಂಗಳೂರಲ್ಲೇ ಇದ್ದೀರಿ, ಐಐಎಸ್‌ಸಿಯಲ್ಲೇ ಇದನ್ನು ಸಾಕುವ ಲ್ಯಾಬ್ ಇದೆ. ಮೊದಲೇ ಕೇಳಿಕೊಂಡು ಹೋಗಿ. ನಾಲ್ಕನೇ ಹಂತದ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈಯ ನಡುಭಾಗದಲ್ಲಿ ಅರ್ಧಚಂದ್ರಾಕಾರದ ತಿಳಿ ಗುರುತು ಕಾಣುತ್ತದೆ. ಮೊಟ್ಟೆ ಇಡುವ ದಾರಿ ಮೂಡುತ್ತಿರುವ ಜಾಗ ಅದು. ಲಿನ್-4 ಕೆಟ್ಟ ಹುಳುವಿನ ವಿಷಯ ಬರೆಯುವ ಮುಂಚೆ ಅದನ್ನು ನೋಡಿ ಬನ್ನಿ.

ತಿದ್ದಿದ ಪ್ರತಿ ಎಂಟುನೂರು ಪದ ದಾಟದಿರಲಿ. ಕೊನೆಯ ಕವನ ಬೇಡ.

ಇಂತಿ,
ಸಂಪಾದಕ