ಮರಗೆಲಸ: ಕೇಳಿ, ಹೇಳ್ತೀನಿ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಹೋದ ಆಗಸ್ಟ್ ಗಾಳಿಮಳೆಗೆ ನಮ್ಮ ತೋಟದ ಹಳೇ ಹಲಸಿನ ಮರ ಬಿತ್ತು. ಡಿಸೆಂಬರ್‌ನಲ್ಲಿ ಸಾಮಿಲ್‌ಗೆ ಹಾಕಿ 2 ಇಂಚು ದಪ್ಪದ ಹಲಗೆ ಸೀಳಿಸಿದೆವು. ಈಗ ಗೋಡೌನ್‌ನಲ್ಲಿ ಒಂದರ ಮೇಲೊಂದು ಪೇರಿಸಿದ್ದೇವೆ. 10 ಜನ ಕೂರುವ ಡೈನಿಂಗ್ ಟೇಬಲ್ ನಾನೇ ಕೈಯಾರೆ ಮಾಡಬೇಕು ಅಂತ ಆಸೆ. ಜೂನ್‌ನಲ್ಲಿ ತಂಗಿ ಮದುವೆ, ಅಷ್ಟರಲ್ಲಿ ಆಗುತ್ತಾ? ನಮ್ಮ ಆಚಾರಿ, ‘ಮೇಲಿನ ಹಲಗೆಗೆ ಕೆಳಗಿಂದ ಗಟ್ಟಿಯಾಗಿ ಸ್ಕ್ರೂ ಬಿಗಿದರೆ ಮುಗೀತು’ ಅಂತಾರೆ. ಸರೀನಾ?
– ಓದುಗರು, ಮೂಡಿಗೆರೆ

ಉತ್ತರ: ಜೂನ್‌ಗೆ ಆಗಲ್ಲ ಕಣಮ್ಮ. ಮದುವೆ ಊಟ ಬಾಡಿಗೆ ಟೇಬಲ್ ಮೇಲೇ ಆಗಲಿ. ಗಾಳಿಗೆ ಒಣಗಿಸುವ ನಾಟಾಕ್ಕೆ ಇಂಚಿಗೊಂದು ವರ್ಷ ಅನ್ನುವುದು ಹಳೇ ಲೆಕ್ಕ. ನಿಮ್ಮದು 2 ಇಂಚು. ಅದೂ ಮೂಡಿಗೆರೆ. ಮಳೆಗಾಲದಲ್ಲಿ ಉಟ್ಟ ಬಟ್ಟೆಯೇ ಒಣಗದ ಊರಲ್ಲಿ ಹಲಗೆ ಎಲ್ಲಿಂದ ಒಣಗಬೇಕು?

ಪೇರಿಸಿದ್ದನ್ನು ಇವತ್ತೇ ಬಿಚ್ಚಿ. ಹಾಗೇ ಬಿಟ್ಟರೆ ಬೂಸ್ಟು ಬರುತ್ತೆ. ನೆಲದಿಂದ ಒಂದಡಿ ಮೇಲೆ ದಿಂಡುಗಳನ್ನಿಟ್ಟು, ಹಲಗೆ ಹಲಗೆಯ ನಡುವೆ 2 ಅಡಿಗೊಂದರಂತೆ ಒಂದಿಂಚಿನ ರೀಪು (ಮರದ ಪಟ್ಟಿ) ಕೊಡಿ. ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಲಿ, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತೆ. ಎರಡೂ ತುದಿಗೆ ಮನೆಯಲ್ಲಿ ಉಳಿದ ಪೇಂಟ್ ದಪ್ಪಗೆ ಬಳಿಯಿರಿ. ನೀರು ತುದಿಯಿಂದಲೇ ಬೇಗ ಹೋಗುವುದು, ಸೀಳು ಶುರುವಾಗುವುದೂ ಅಲ್ಲೇ. ಮೇಲೆ ನಾಲ್ಕು ಸೈಜುಗಲ್ಲು ಹೇರಿ. ಬೇಗ ಒಣಗಲಿ ಅಂತ ಕಾಫಿ ಹರವಿದ ಹಾಗೆ ಕಣದಲ್ಲಿ ಬಿಸಿಲಿಗೆ ಮಾತ್ರ ಹಾಕಬೇಡಿ.

ಒಣಗಿದೆಯಾ ಅಂತ ತಿಳಿಯುವುದು ಸುಲಭ. ಕಾಫಿ ಮೂಟೆ ತೂಗುವ ಸ್ಕೇಲ್ ಇರುತ್ತಲ್ವಾ? ಚಿಕ್ಕ ಹಲಗೆಯೊಂದಕ್ಕೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ, ತೂಕವನ್ನು ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆಯಿರಿ. ಬೇಸಿಗೆಯಲ್ಲೂ ತೂಕ ಇಳಿಯುವುದು ನಿಂತರೆ ಕೆಲಸ ಶುರು ಮಾಡಬಹುದು. ಮರದ ತೇವ ನೋಡುವ ಮೀಟರ್ ತಂದರೆ ಶೇ. 12ರ ಆಸುಪಾಸು ತೋರಿಸಬೇಕು. ಕಾಫಿ ಬೀಜದ ತೇವ ನೋಡುವ ಮೀಟರ್ ಇದಕ್ಕೆ ಬರಲ್ಲ, ಮರದ್ದೇ ಬೇರೆ.

ಈಗ ನಿಮ್ಮ ಆಚಾರಿಯ ಮಾತು. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಮಾಡಿದ್ದೆ. ಸಕಲೇಶಪುರದ ಮನೆಗೆ ಹಲಸಿನದೇ ಮೇಜು, ಸುತ್ತ ಚೌಕಟ್ಟಿಗೆ 16 ಸ್ಕ್ರೂ, ಒಂದೊಂದೂ ಕೈ ನೋಯುವಷ್ಟು ಬಿಗಿ. ಮಳೆಗಾಲದಲ್ಲಿ ಮಾಡಿದ್ದು. ಫೆಬ್ರವರಿಯ ಒಂದು ರಾತ್ರಿ ‘ಟಪ್’ ಅಂತ ಸದ್ದು. ಕಳ್ಳ ಬಂದ ಅಂತ ಮನೆಯವಳು ನನ್ನನ್ನು ಎಬ್ಬಿಸಿದಳು. ಟಾರ್ಚ್ ಹಿಡಿದು ಹೋದರೆ, ಮೇಜಿನ ನಡುವೆ ಮೊಳದುದ್ದ ಸೀಳು. ಅದರೊಳಗೆ ರೂಪಾಯಿ ನಾಣ್ಯ ಸಲೀಸಾಗಿ ಇಳಿಯುತ್ತಿತ್ತು. ಜುಲೈನಲ್ಲಿ ನೋಡಿದರೆ ಅಲ್ಲಿ ಕೂದಲೂ ತೂರುತ್ತಿರಲಿಲ್ಲ. ಮತ್ತೆ ಬೇಸಿಗೆ, ಮತ್ತೆ ಸೀಳು. ಅಕ್ಕಿರೊಟ್ಟಿ ಚೂರೆಲ್ಲ ಅದರೊಳಗೆ ಸೇರಿ ಇರುವೆ ಸಾಲು ಹಿಡಿಯುತ್ತಿತ್ತು. ಅವಳು ಇವತ್ತಿಗೂ ಅದನ್ನು ‘ನಿಮ್ಮ ಇರುವೆ ಮೇಜು’ ಅಂತಲೇ ಕರೆಯುವುದು.

ಆಗಿದ್ದಿಷ್ಟೇ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗಲ್ಲ. ಅಗಲಕ್ಕೆ ಮಾತ್ರ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತೆ. ಎಷ್ಟು ವರ್ಷ ಒಣಗಿಸಿದರೂ ಈ ಚಾಳಿ ಬಿಡಲ್ಲ. ನಿಮ್ಮ ಮೇಜು ಮೂರೂವರೆ ಅಡಿ ಅಗಲ ಅಂದರೆ ನಮ್ಮ ಹವೆಯಲ್ಲಿ ಕಾಲಿಂಚು ಖಂಡಿತ, ಅರ್ಧ ಇಂಚಿನ ತನಕವೂ ಹೋಗಬಹುದು. ಸ್ಕ್ರೂ ಅಲುಗಲು ಬಿಡದಿದ್ದರೆ ಅದು ಸೀಳದೆ ಇನ್ನೇನು ಮಾಡುತ್ತೆ? ಹಾಗಾಗಿ ಅಗಲದ ನಡುಮಧ್ಯದಲ್ಲಿ ಮಾತ್ರ ಸ್ಕ್ರೂ ಬಿಗಿ ಮಾಡಿ. ಅಂಚಿನ ಕಡೆ ಚೌಕಟ್ಟಿನ ತೂತನ್ನು ಮೇಜಿನ ಅಗಲದ ದಿಕ್ಕಿಗೆ ಉದ್ದ ಕೊರೆದು, ವಾಷರ್ ಹಾಕಿ, ಸ್ಕ್ರೂ ಸರಿದಾಡುವಷ್ಟು ಸಡಿಲ ಬಿಡಿ. ಎರಡೂ ತುದಿಗೆ ಚೆಂದಕ್ಕೆ ಅಡ್ಡಪಟ್ಟಿ ಕೊಡುವುದಾದರೂ ಇದೇ ನಿಯಮ. ಪೂರ್ತಿ ಅಂಟು ಹಚ್ಚಬೇಡಿ.

ಅಳತೆಗೆ ಬರೋಣ. ಒಬ್ಬರಿಗೆ 2 ಅಡಿ ಜಾಗ ಬೇಕು. 8 ಅಡಿ ಉದ್ದ ಇಟ್ಟರೆ ಆಚೆ ನಾಲ್ಕು, ಈಚೆ ನಾಲ್ಕು, ತುದಿಗೊಬ್ಬರು, ಹತ್ತಾಯಿತು. ಎತ್ತರ 30 ಇಂಚು. ಚೌಕಟ್ಟಿನ ಕೆಳಗೆ 24 ಇಂಚಾದರೂ ಖಾಲಿ ಇರಲಿ, ಇಲ್ಲದಿದ್ದರೆ ಮಾವನವರ ಮಂಡಿ ತಾಗುತ್ತೆ. 2 ಇಂಚಿನ ಹಲಗೆ ತೋಪಡಾ (ಉಜ್ಜುಗೊರಡು) ಹೊಡೆದು ಒಂದೂವರೆಗೆ ಇಳಿಯುತ್ತೆ. ಕಾಲು, ಚೌಕಟ್ಟು ಎಲ್ಲ ಸೇರಿ ಐದೂಕಾಲು ಸಿಎಫ್‌ಟಿ (ಘನ ಅಡಿ) ಮರ ಸಾಕು, ಆದರೆ ವೇಸ್ಟ್ ಲೆಕ್ಕ ಹಿಡಿದು ಏಳೂವರೆ ಇಟ್ಟುಕೊಳ್ಳಿ. ಮುಗಿದ ಮೇಲೆ ಹೆಚ್ಚುಕಡಿಮೆ 90 ಕಿಲೋ ತೂಗುತ್ತೆ. ಕಾಲುಗಳನ್ನು ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿ, ಬಾಗಿಲು ದಾಟಿಸುವಾಗ ನನ್ನನ್ನು ನೆನೆಯುತ್ತೀರಿ.

ಅಂಟಿಸುವ ಮೊದಲು ಎರಡು ಹಲಗೆಯ ಅಂಚು ಜೋಡಿಸಿ ಕಿಟಕಿಗೆ ಹಿಡಿದು ನೋಡಿ. ಬೆಳಕು ಕಂಡರೆ ಮತ್ತೆ ತೋಪಡಾ. ಈ ಕೆಲಸಕ್ಕೇ ನನಗೆ ಎರಡು ದಿನ ಹಿಡಿಯುತ್ತೆ, ನಾಚಿಕೆ ಏನಿಲ್ಲ.

ಪಾಲಿಶ್ ಮೇಲೆಷ್ಟೋ ಕೆಳಗೂ ಅಷ್ಟೇ ಹೊಡೆಯಿರಿ. ಒಂದೇ ಮೈಗೆ ಹೊಡೆದರೆ ಹಲಗೆ ದೋಣಿಯ ಹಾಗೆ ಬಾಗುತ್ತೆ. ಬಣ್ಣ ಬೇಡ. ಈಗಿನ ಅರಿಶಿನ ಬಣ್ಣ ನೋಡಿ ಗಾಬರಿಯಾಗಬೇಡಿ, ಹಲಸು ತಾನಾಗೇ ಜೇನಿನ ಬಣ್ಣಕ್ಕೆ ತಿರುಗುತ್ತೆ. ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹೊರಗೆ ಬಿಡಿಸಿ ಹರವಿ.

ಪ್ರಶ್ನೆ: ತೋಟದ ಸಿಲ್ವರ್ ಓಕ್‌ನಲ್ಲಿ ಟೇಬಲ್ ಮಾಡಬಹುದಾ? ಎಲ್ಲರೂ ಅದು ಪೆಟ್ಟಿಗೆ ಮಾಡುವ ಮರ ಅಂತಾರೆ.
– ಕಾಫಿ ಬೆಳೆಗಾರರು, ಆಲೂರು

ಉತ್ತರ: ಧಾರಾಳವಾಗಿ ಮಾಡಿ. ನೆರಳಿಗೆ, ಮೆಣಸಿನ ಬಳ್ಳಿಗೆ ಅಂತ ಆಸ್ಟ್ರೇಲಿಯಾದಿಂದ ಬಂದ ಮರ ಅದು, ನಿಜವಾದ ಓಕ್ ಜಾತಿಯೂ ಅಲ್ಲ. ಆದರೆ ನಡುವಿನಿಂದ ತೊಗಟೆ ಕಡೆಗೆ ನೇರ ಬರುವಂತೆ ಸೀಳಿಸಿದರೆ ಮೈತುಂಬ ಹೊಳೆಯುವ ಮಚ್ಚೆ ಬೀಳುತ್ತೆ. ಕಂಡವರು ಪೆಟ್ಟಿಗೆ ಮರ ಅನ್ನಲ್ಲ. ಕುಟ್ಟೆ ಹುಳ ಹಿಡಿಯುತ್ತೆ, ಔಷಧಿ ಹೊಡೆಸಿ. ಅದರ ಪುಡಿಗೆ ಕೆಲವರಿಗೆ ಮೈ ಕೆರೆತ ಬರುವುದುಂಟು. ತುಂಬು ತೋಳಿನ ಅಂಗಿ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ.

ಪ್ರಶ್ನೆ: ಅಜ್ಜನ ಮನೆ ಕೆಡವಿದಾಗ ಸಿಕ್ಕ ಬೀಟೆ ತೊಲೆಗಳಿವೆ. ಸಾಲದಿದ್ದರೆ ತೋಟದ ಬೀಟೆ ಮರವನ್ನೂ ಕಡಿಸಬಹುದಾ?
– ಓದುಗರು, ಚಿಕ್ಕಮಗಳೂರು

ಉತ್ತರ: ನಿಂತ ಮರ ಮುಟ್ಟಬೇಡಿ ಸ್ವಾಮಿ. ನಿಮ್ಮದೇ ಜಮೀನಾದರೂ ಅರಣ್ಯ ಇಲಾಖೆ ಅನುಮತಿ ಬೇಕು. 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಮೊದಲು ರೇಂಜರ್ ಆಫೀಸಿಗೆ ಹೋಗಿ. ಹಳೇ ತೊಲೆ ಸಾಗಿಸುವ ಮೊದಲೂ ಅಲ್ಲೇ ಕೇಳಿ. ಸಾಮಿಲ್‌ಗೆ ಹಾಕುವ ಮುಂಚೆ ತೊಲೆಯ ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ. ಅಜ್ಜ ಹೊಡೆದ ಮೊಳೆ ಒಂದೇ ಒಂದು ಉಳಿದರೂ ಬ್ಲೇಡಿನ ದುಡ್ಡು ನಿಮ್ಮ ತಲೆ ಮೇಲೆ.